ಕಿಣ್ವಗಳ ಖಾತೆ-ಕಿರ್ದಿ

(ಸಂಘದ ಮಾಸಿಕ ಉಪನ್ಯಾಸದಲ್ಲಿ ಮಾಡಿದ ಭಾಷಣ)



ನಮ್ಮ ಕಾರ್ಯದರ್ಶಿಗಳು ಬಂದು, "ಈ ತಿಂಗಳ ಭಾಷಣ ನಿಮ್ಮದು, ವಿಜ್ಞಾನದ ವಿಷಯವಾಗಿರಲಿ" ಎಂದಾಗ ನಾನು ನಕ್ಕುಬಿಟ್ಟೆ. ನಾನು ಓದಿದ್ದು ಬಿ.ಕಾಂ.; ಮಾಡುವುದು ಬ್ಯಾಂಕಿನ ಗುಮಾಸ್ತಿಕೆ. ಹತ್ತನೆಯ ತರಗತಿಯನ್ನು ದಾಟಿದ ಮೇಲೆ ರಸಾಯನಶಾಸ್ತ್ರದ ಮುಖವನ್ನೇ ನೋಡಿದವನಲ್ಲ. ಈ ಸಭೆಯಲ್ಲಿ ಕಾಲೇಜಿನಲ್ಲಿ ಪಾಠ ಹೇಳುವವರಿದ್ದಾರೆ, ಔಷಧದ ಕಾರಖಾನೆಯಲ್ಲಿ ಕೆಲಸ ಮಾಡುವವರಿದ್ದಾರೆ. ಅವರೆದುರು ನಾನು ಕಿಣ್ವಗಳ ವಿಷಯ ಮಾತನಾಡುವುದು ಗವಾಯಿಗಳ ಮುಂದೆ ಹಾಡಲು ಕುಳಿತಂತೆಯೇ ಸರಿ. ಆದರೂ ಒಪ್ಪಿಕೊಂಡೆ. ಆ ಒಪ್ಪಿಗೆಯ ಹಿಂದೆ ಒಂದು ಕಾಗದವಿದೆ. ಆಸ್ಪತ್ರೆಯ ರಕ್ತಪರೀಕ್ಷೆಯ ಕಾಗದ. ಮೊದಲು ಅದರ ಕಥೆಯನ್ನು ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಇಲ್ಲಿ ಪುಣೆಯಲ್ಲಿ ಗಣಪತಿಯನ್ನು ಕಳಿಸಿ ಎರಡು ದಿನವಾಗಿತ್ತು. ರಾತ್ರಿ ಊಟಕ್ಕೆ ಕುಳಿತಿದ್ದಾಗ ಊರಿನಿಂದ ಕಾಕಾನ ಮಗನ ಫೋನು ಬಂತು. ನಮ್ಮೂರು ರಾಣೇಬೆನ್ನೂರಿನ ಕಡೆಯ ಒಂದು ಸಣ್ಣ ಹಳ್ಳಿ. ಕಾಕಾ ಅಂದು ಬೆಳಗಿನಿಂದ ಹತ್ತಿಯ ಹೊಲಕ್ಕೆ ಎಣ್ಣೆ ಹೊಡೆದಿದ್ದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆಯೆಂದೇ ಹೆಸರು. ಒಗ್ಗರಣೆಯ ಎಣ್ಣೆಗೂ ಅದೇ ಹೆಸರು, ಜೀವ ತೆಗೆಯುವುದಕ್ಕೂ ಅದೇ ಹೆಸರು. ಗಾಳಿ ಎದುರಾಗಿತ್ತು. ಬೆನ್ನಿಗೆ ಕಟ್ಟಿದ ಪಂಪು ಸೋರಿ ಅಂಗಿ ತೊಯ್ದಿತ್ತು. ಆ ಅಂಗಿಯಲ್ಲಿಯೇ ಬುತ್ತಿ ಉಂಡು, ಸಂಜೆಯವರೆಗೆ ಕೆಲಸ ಮಾಡಿ, ಮನೆಗೆ ಬಂದು ಜಗಲಿಯ ಮೇಲೆ ಮಲಗಿದರಂತೆ. "ಏನೂ ಆಗಿಲ್ಲ, ಬಿಸಲು ಬಡದೈತಿ, ಒಂದೀಟು ಮಜ್ಜಿಗಿ ಕೊಡ್ರಿ" ಎಂದರಂತೆ. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು ಸುರಿಯತೊಡಗಿತು, ಮೈ ಬೆವೆತು ನೀರಾಯಿತು, ವಾಂತಿಯಾಯಿತು, ತೋಳಿನ ಸ್ನಾಯುಗಳು ತಾವಾಗಿ ಅದುರತೊಡಗಿದವು. ಕಾಕು ಲಾಂದ್ರ ಹಿಡಿದು ನೋಡಿದರೆ ಕಣ್ಣಿನ ಪಾಪೆಗಳು ಸಾಸಿವೆ ಕಾಳಿನಷ್ಟಾಗಿದ್ದವು. ಆಗ ಗಾಬರಿಯಾಗಿ ಗಾಡಿ ಮಾಡಿ ದೊಡ್ಡಾಸ್ಪತ್ರೆಗೆ ಒಯ್ದರು.

ನಾನು ರಾತ್ರಿಯ ಬಸ್ಸು ಹಿಡಿದು ಮರುದಿನ ಬೆಳಿಗ್ಗೆ ಅಲ್ಲಿ ಇಳಿದಾಗ ಕಾಕಾ ಬದುಕಿದ್ದರು, ಆದರೆ ಮಾತಿರಲಿಲ್ಲ. ಎಳೆಯ ವಯಸ್ಸಿನ ಒಬ್ಬ ವೈದ್ಯೆ ರಾತ್ರಿಯಿಡೀ ಅವರ ಮಗ್ಗುಲಲ್ಲಿಯೇ ಇದ್ದಳು. ಆಕೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಯಾವ ಔಷಧ ಹೊಡೆದರು?" ಮನೆಯವರ ಉತ್ತರವೂ ಒಂದೇ: "ಹತ್ತಿಗೆ ಹೊಡಿಯೋದು." ಕಾಕಾನ ಮಗ ನಸುಕಿನಲ್ಲಿಯೇ ಮೋಟರ್ ಸೈಕಲ್ಲಿನಲ್ಲಿ ಊರಿಗೆ ಹೋಗಿ, ಹೊಲದ ಬದುವಿನಲ್ಲಿ ಬಿದ್ದಿದ್ದ ಡಬ್ಬಿಯನ್ನು ತಂದ. ಚೀಟಿ ಅರ್ಧ ಕರಗಿಹೋಗಿತ್ತು. ಉಳಿದ ಅರ್ಧದಲ್ಲಿ ಕ್ಲೋರ್‌ಪೈರಿಫಾಸ್ ಎಂಬ ಹೆಸರಿತ್ತು. ಅದನ್ನು ಓದಿ ಆಕೆ, "ಸದ್ಯ, ಇದು ನಿಧಾನದ ಜಾತಿ. ನಮಗೆ ಇನ್ನೂ ಹೊತ್ತಿದೆ" ಎಂದು ನನ್ನ ಕೈಗೆ ಒಂದು ಕಾಗದವನ್ನು ಕೊಟ್ಟು ಹೊರಟುಹೋದಳು.

ಕಾಗದದಲ್ಲಿ ಕೋಲಿನೆಸ್ಟರೇಸ್ ಎಂದು ಬರೆದು ಮುಂದೆ 600 ಎಂದಿತ್ತು. ಪಕ್ಕದಲ್ಲಿ, ಆರೋಗ್ಯವಂತರಲ್ಲಿ 5,000ಕ್ಕೆ ಮೇಲಿರಬೇಕೆಂದು ಅಚ್ಚಾಗಿತ್ತು. ಮಾನವೆಂದರೆ 'ಲೀಟರಿಗೆ ಯೂನಿಟ್'. ಅಂಕಿಯನ್ನು ಕಂಡರೆ ಸುಮ್ಮನಿರಲಾರದ ಚಟ ನಮ್ಮ ಕಸುಬಿನದು. ಸಂಜೆ ಆಕೆ ಮತ್ತೆ ಬಂದಾಗ, ಯೂನಿಟ್ ಎಂದರೆ ಏನು, ಮಿಲಿಗ್ರಾಮೇ, ಮತ್ತೇನಾದರೂ ತೂಕವೇ ಎಂದು ಕೇಳಿದೆ. "ತೂಕವಲ್ಲ ಸಾರ್, ವೇಗ. ಎಷ್ಟಿದೆ ಎಂದಲ್ಲ, ಎಷ್ಟು ಬೇಗ ಕೆಲಸ ಮಾಡುತ್ತಿದೆ ಎಂದು" ಎಂದಳು. ರಕ್ತದಲ್ಲಿರುವ ಒಂದು ವಸ್ತುವನ್ನು ತೂಗದೆ ಅದರ ವೇಗವನ್ನು ಅಳೆಯುವುದೆಂದರೇನು? ಆ ಒಂದು ಮಾತಿನ ಬೆನ್ನು ಹತ್ತಿ ಎರಡು ವರ್ಷ ನಾನು ಪುಸ್ತಕಗಳನ್ನು ತಿರುವಿಹಾಕಿದ್ದೇನೆ. ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕು.

ಕಿಣ್ವವೆಂಬ ಶಬ್ದದಿಂದಲೇ ತೊಡಗೋಣ. ಇದು ಯಾರೋ ಪಠ್ಯಪುಸ್ತಕದವರು ನೆನ್ನೆ ಮೊನ್ನೆ ಟಂಕಿಸಿದ ಪದವೆಂದು ನಾನು ತಿಳಿದಿದ್ದೆ. ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದಿದೆ. ಅಲ್ಲಿ ಈ ಪದ ಬರುತ್ತದೆ. ಮದ್ಯ ಹುದುಗಲು ಹಾಕುವ ಹುದುಗಿಗೆ ಕಿಣ್ವವೆಂದು ಹೆಸರು. ಇತ್ತ ಜರ್ಮನಿಯ ಕ್ಯೂನೆ ಎಂಬ ಪಂಡಿತ 1870ರ ದಶಕದಲ್ಲಿ ಎಂಜೈಮ್ ಎಂಬ ಶಬ್ದವನ್ನು ಹುಟ್ಟಿಸಿದ. ಗ್ರೀಕ್ ಮೂಲದಲ್ಲಿ ಅದರ ಅರ್ಥ 'ಹುದುಗಿನೊಳಗೆ' ಎಂದು. ಎರಡು ಭಾಷೆಗಳೂ ಒಂದೇ ಗಡಿಗೆಯೊಳಗೆ ಇಣುಕಿ ಹೆಸರಿಟ್ಟಿವೆ. ಮಕ್ಕಳು ಶಾಲೆಯಲ್ಲಿ ಎಂಜೈಮ್ ಎಂದು ಕಲಿತು ಬಂದರೆ ಮನೆಯಲ್ಲಿ ಕಿಣ್ವವೆನ್ನಲು ನಾವು ಸಂಕೋಚಪಡಬೇಕಾದ ಕಾರಣವಿಲ್ಲ.

ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬಿಬ್ಬರು ಮೊಳೆತ ಜವೆಗೋದಿಯಿಂದ, ಹಿಟ್ಟಿನ ಅಂಶವನ್ನು ಸಕ್ಕರೆಯಾಗಿ ಒಡೆಯುವ ಒಂದು ವಸ್ತುವನ್ನು ತೆಗೆದು ಡಯಾಸ್ಟೇಸ್ ಎಂದು ಕರೆದರು. ಕಿಣ್ವಗಳ ಹೆಸರಿಗೆಲ್ಲ ಬಾಲದಂತೆ ಬರುವ 'ಏಸ್' ಅಲ್ಲಿಂದ ಬಂತು. ಜೀವವಿರುವ ಕೋಶವಿಲ್ಲದೆ ಹುದುಗುವಿಕೆ ಸಾಧ್ಯವೇ ಇಲ್ಲವೆಂದು ದೊಡ್ಡವರು ನಂಬಿದ್ದ ಕಾಲದಲ್ಲಿ, 1897ರಲ್ಲಿ, ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಅರೆದು ಹಿಂಡಿ, ಜೀವಕೋಶವಿಲ್ಲದ ಬರಿಯ ರಸದಿಂದ ಸಕ್ಕರೆಯನ್ನು ಹುದುಗಿಸಿ ತೋರಿಸಿದ. 1907ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಕಿಣ್ವವೆಂದರೆ ಯಾವ ಬಗೆಯ ವಸ್ತುವೆಂಬುದನ್ನು 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ತೋರಿಸಿದ: ಅವರೆಯಂಥ ಒಂದು ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿ, ಅದು ಪ್ರೋಟೀನೆಂದು ಸಾರಿದ. ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅಪಘಾತದಲ್ಲಿ ಒಂದು ಕೈ ಕಳೆದುಕೊಂಡವನು ಆತ. ಅದೂ ಎಡಚನಾಗಿದ್ದವನ ಎಡಗೈ! ಪ್ರಯೋಗಶಾಲೆಯ ಕೆಲಸವನ್ನೆಲ್ಲ ಉಳಿದ ಬಲಗೈಯಿಂದ ಮಾಡಿದ. ಅವನ ಮಾತನ್ನು ಬಹಳ ಜನ ನಂಬಲಿಲ್ಲ. ನೊಬೆಲ್ ಬಹುಮಾನ ಬರಲು 1946 ಆಗಬೇಕಾಯಿತು.

ಕಿಣ್ವ ಮಾಡುವ ಕೆಲಸವೇನು? ಮೊದಲು ಪುಣೆಯಿಂದ ಮುಂಬಯಿಗೆ ಹೋಗುವವರು ಖಂಡಾಳದ ಘಾಟನ್ನು ಸುತ್ತಿ ಸುತ್ತಿ ಇಳಿಯಬೇಕಿತ್ತಷ್ಟೆ? ಈಗ ಸುರಂಗಗಳಾಗಿವೆ. ಸುರಂಗವು ಪುಣೆಯ ಎತ್ತರವನ್ನಾಗಲಿ ಮುಂಬಯಿಯ ತಗ್ಗನ್ನಾಗಲಿ ಬದಲಿಸಿಲ್ಲ. ನಡುವಿನ ಅಡ್ಡಿಯನ್ನು ಮಾತ್ರ ಕಡಿಮೆ ಮಾಡಿದೆ, ಮತ್ತು ಎಷ್ಟು ವಾಹನ ಹೋದರೂ ತಾನು ಖರ್ಚಾಗುವುದಿಲ್ಲ. ಕಿಣ್ವವೂ ಹಾಗೆಯೇ. ಯೂರಿಯಾ ಗೊಬ್ಬರ ಶುದ್ಧ ನೀರಿನಲ್ಲಿ ತಾನಾಗಿ ಒಡೆಯಲು ವರ್ಷಗಟ್ಟಲೆ ಬೇಕು. ಹೊಲಕ್ಕೆ ಚೆಲ್ಲಿದರೆ ಕೆಲವೇ ದಿನಗಳಲ್ಲಿ ಅಮೋನಿಯದ ಘಾಟು ಮೂಗಿಗೆ ಬಡಿಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಅಲ್ಲಿ ಸುರಂಗವನ್ನು ಕೊರೆದಿರುತ್ತದೆ.

ಇನ್ನು ಖಾತೆಯ ವಿಷಯ. ಖಾತೆಯೆಂದರೆ ಯಾರ ಹೆಸರಿನಲ್ಲಿ ಏನಿದೆ ಎಂಬುದು. ಕಿರ್ದಿಯೆಂದರೆ ದಿನದ ವಹಿವಾಟು. ಕಿಣ್ವಶಾಸ್ತ್ರದಲ್ಲಿಯೂ ಇವೆರಡೂ ಉಂಟು, ಆದ್ದರಿಂದಲೇ ನಾನು ಅದರಲ್ಲಿ ಕಾಲಿಟ್ಟ ಕೂಡಲೇ ಸ್ವಂತ ಮನೆಗೆ ಬಂದಂತಾಯಿತು.

ಒಂದು ಕಾಲಕ್ಕೆ ಕಿಣ್ವಗಳ ಖಾತೆ ಬಹಳ ಕೆಟ್ಟಿತ್ತು. ಕಂಡುಹಿಡಿದವರು ಬಾಯಿಗೆ ಬಂದ ಹೆಸರಿಟ್ಟರು. ಒಂದಕ್ಕೆ 'ಹಳೆಯ ಹಳದಿ ಕಿಣ್ವ' ಎಂದೇ ಹೆಸರು. ಇಂದಿಗೂ ಹಾಗೆಯೇ ಕರೆಯುತ್ತಾರೆ. ಅದು ಏನು ಮಾಡುತ್ತದೆಂದು ಆ ಹೆಸರಿನಿಂದ ತಿಳಿಯುವುದುಂಟೆ? ಒಂದೇ ಕಿಣ್ವಕ್ಕೆ ನಾಲ್ಕು ಹೆಸರು, ಬೇರೆ ಬೇರೆ ಕಿಣ್ವಗಳಿಗೆ ಒಂದೇ ಹೆಸರು. ಬ್ಯಾಂಕಿನಲ್ಲಿ ಹೀಗಾದರೆ ಲೆಕ್ಕ ತನಿಖೆಯವರು ನಮ್ಮನ್ನು ಬಿಡುವರೆ? ಕೊನೆಗೆ 1956ರಲ್ಲಿ ಅಂತರರಾಷ್ಟ್ರೀಯ ಜೀವರಸಾಯನ ಒಕ್ಕೂಟ ಒಂದು ಆಯೋಗವನ್ನು ನೇಮಿಸಿತು. ಆಯೋಗ 1961ರಲ್ಲಿ ವರದಿ ಕೊಟ್ಟಿತು. ಆಗ ಖಾತೆಗೆ ಏರಿದ ಕಿಣ್ವಗಳು ಏಳು ನೂರರ ಆಸುಪಾಸು. ಇಂದು ಆರು ಸಾವಿರವನ್ನು ಮೀರಿವೆ.

ಪ್ರತಿಯೊಂದಕ್ಕೂ ನಾಲ್ಕು ಅಂಕಿಗಳ ಸಂಖ್ಯೆ. ಅದರ ಹಿಂದೆ ಆಯೋಗದ ಗುರುತಾದ ಇ.ಸಿ. ಎಂಬ ಎರಡು ಅಕ್ಷರ. ಕಾಕಾನ ನರಗಳಲ್ಲಿ ಪೆಟ್ಟು ತಿಂದ ಕಿಣ್ವ ಅಸೆಟೈಲ್‌ಕೋಲಿನೆಸ್ಟರೇಸ್; ಅದರ ಸಂಖ್ಯೆ ಇ.ಸಿ. 3.1.1.7. ಮೊದಲ ಮೂರು ಅದು ಮೂರನೆಯ ವರ್ಗದ್ದೆಂದು ಹೇಳುತ್ತದೆ, ಅಂದರೆ ನೀರನ್ನು ಕೂಡಿಸಿ ಒಡೆಯುವ ಜಾತಿ. ಮುಂದಿನ ಒಂದು, ಅದು ಎಸ್ಟರ್ ಎಂಬ ಬಗೆಯ ಕೊಂಡಿಯನ್ನು ಒಡೆಯುತ್ತದೆಂದು. ಅದರ ಮುಂದಿನ ಒಂದು, ಆ ಎಸ್ಟರಿನ ಒಳಜಾತಿ. ಕೊನೆಯ ಏಳು ಕೇವಲ ಕ್ರಮಸಂಖ್ಯೆ. ನಮ್ಮ ಖಾತೆ ಸಂಖ್ಯೆಯಲ್ಲಿ ಶಾಖೆ, ಖಾತೆಯ ಬಗೆ, ಗಿರಾಕಿಯ ಅಂಕಿ ಎಂದು ಬರುವುದಿಲ್ಲವೆ, ಹಾಗೆ.

ಒಂದನೆಯ ವರ್ಗದವು ಇಲೆಕ್ಟ್ರಾನುಗಳನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದಕ್ಕೆ ಕೊಡುವ ಉತ್ಕರ್ಷಣ-ಅಪಕರ್ಷಣದ ಕಿಣ್ವಗಳು. ಖಾತೆಯ ಮೊಟ್ಟಮೊದಲ ನಮೂದು, ಅಂದರೆ ಇ.ಸಿ. 1.1.1.1, ಯಾರ ಹೆಸರಿನಲ್ಲಿದೆ ಬಲ್ಲಿರಾ? ಮದ್ಯಸಾರವನ್ನು ಕರಗಿಸುವ ನಮ್ಮ ಯಕೃತ್ತಿನ ಆಲ್ಕೊಹಾಲ್ ಡಿಹೈಡ್ರೋಜಿನೇಸ್! ಹೆಂಡದ ಗಡಿಗೆಯಿಂದ ಹುಟ್ಟಿದ ಶಾಸ್ತ್ರ ಹೆಂಡಕ್ಕೇ ಅಗ್ರಪೂಜೆ ಸಲ್ಲಿಸಿದೆ. ಎರಡನೆಯ ವರ್ಗ ವರ್ಗಾವಣೆಯದು. ಒಂದು ಅಣುವಿನ ಖಾತೆಯಿಂದ ಒಂದು ಗುಂಪನ್ನು ತೆಗೆದು ಇನ್ನೊಂದರ ಖಾತೆಗೆ ಜಮಾ ಮಾಡುವುದು. ಯಕೃತ್ತಿನ ಪರೀಕ್ಷೆಯ ಕಾಗದದಲ್ಲಿ ಎಸ್.ಜಿ.ಪಿ.ಟಿ. ಎಂದು ನೀವು ನೋಡಿರಬಹುದು. ಅದು ಈ ವರ್ಗದ್ದು. ಮೂರನೆಯದನ್ನು ಹೇಳಿದೆ, ಅನ್ನವನ್ನೂ ಬೇಳೆಯನ್ನೂ ತುಪ್ಪವನ್ನೂ ಅರಗಿಸುವ ಕಿಣ್ವಗಳೆಲ್ಲ ಆ ಮನೆಯವೇ. ನಾಲ್ಕನೆಯವು ನೀರಿನ ನೆರವಿಲ್ಲದೆ ಒಡೆಯುತ್ತವೆ, ಐದನೆಯವು ಅಣುವಿನೊಳಗೇ ಸಾಮಾನು ಅದಲುಬದಲು ಮಾಡುತ್ತವೆ, ಆರನೆಯವು ಎರಡನ್ನು ಬೆಸೆಯುತ್ತವೆ, ಬೆಸೆಯುವುದಕ್ಕೆ ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯದಲ್ಲಿ ಶುಲ್ಕ ತೆರಬೇಕು.

ಈ ಆರೇ ವರ್ಗಗಳು ಸುಮಾರು ಅರುವತ್ತು ವರ್ಷ ನಡೆದವು. ನಮ್ಮಲ್ಲಿ ಕೆಲವರು ಕಾಲೇಜಿನಲ್ಲಿ ಆರೆಂದೇ ಓದಿರಬೇಕು. 2018ರ ಆಗಸ್ಟಿನಲ್ಲಿ ಏಳನೆಯದೊಂದು ಸೇರಿತು. ಪೊರೆಯ ಈ ಕಡೆಯಿಂದ ಆ ಕಡೆಗೆ ಅಯಾನುಗಳನ್ನೋ ಅಣುಗಳನ್ನೋ ದಾಟಿಸುವ ಕಿಣ್ವಗಳು ಅಲ್ಲಿಯವರೆಗೆ ಬೇರೆ ಬೇರೆ ಮನೆಗಳಲ್ಲಿ ಅತಿಥಿಗಳಾಗಿದ್ದವು. ಅವಕ್ಕೆ ಸ್ವಂತ ಮನೆಯಾಯಿತು. ಆಗ ನಡೆದ ಒಂದು ಕ್ರಮ ನನಗೆ ಬಹಳ ಹಿಡಿಸಿತು. ಒಂದು ಕಿಣ್ವ ಬೇರೆ ವರ್ಗಕ್ಕೆ ಹೋದರೆ ಅದರ ಹಳೆಯ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವುದಿಲ್ಲ. 'ಇಂಥಲ್ಲಿಗೆ ವರ್ಗವಾಗಿದೆ' ಎಂಬ ಷರಾ ಬರೆದು ಹಾಗೆಯೇ ಬಿಡುತ್ತಾರೆ. ಇದನ್ನು ಬರೆದವನು ಯಾವ ಪಂಡಿತನೇ ಆಗಿರಲಿ, ಒಳ್ಳೆಯ ಗುಮಾಸ್ತನಾಗುತ್ತಿದ್ದ!

ಇನ್ನೊಂದು ಮಾತು. ಈ ಸಂಖ್ಯೆ ಕೆಲಸಕ್ಕೆ ಕೊಟ್ಟದ್ದು, ಆಳಿಗೆ ಕೊಟ್ಟದ್ದಲ್ಲ. ಮನುಷ್ಯನಲ್ಲಿ, ಹತ್ತಿಯ ಹುಳುವಿನಲ್ಲಿ ಪ್ರೋಟೀನುಗಳ ರಚನೆ ಅಷ್ಟಿಷ್ಟು ಬೇರೆಯಾಗಿರಬಹುದು; ಅದೇ ಕೆಲಸ ಮಾಡಿದರೆ ಎರಡಕ್ಕೂ 3.1.1.7. ಹುಳುವಿಗೆಂದು ಹೊಡೆದದ್ದು ಕಾಕಾನಿಗೆ ತಗಲಿದ್ದು ಇದರಿಂದಲೇ.

ಕಿರ್ದಿಗೆ ಬರೋಣ. 1913ರಲ್ಲಿ ಬರ್ಲಿನ್ನಿನ ಒಂದು ಆಸ್ಪತ್ರೆಯ ಪುಟ್ಟ ಪ್ರಯೋಗಶಾಲೆಯಲ್ಲಿ ಲಿಯೊನೋರ್ ಮಿಕೇಲಿಸ್ ಎಂಬಾತನೂ ಕೆನಡಾದಿಂದ ಬಂದಿದ್ದ ಮಾಡ್ ಮೆಂಟೆನ್ ಎಂಬ ವೈದ್ಯೆಯೂ ಕೂಡಿ, ಸಕ್ಕರೆಯನ್ನು ಎರಡು ಹೋಳು ಮಾಡುವ ಇನ್ವರ್ಟೇಸ್ ಕಿಣ್ವದ ವೇಗವನ್ನು ಅಳೆದರು. ಅವರಿಗಿಂತ ಹತ್ತು ವರ್ಷ ಮೊದಲೇ ವಿಕ್ಟರ್ ಆನ್ರಿ ಎಂಬಾತ ಅದೇ ಸೂತ್ರದ ಹತ್ತಿರ ಬಂದಿದ್ದ. ಆದರೆ ದ್ರವದ ಹುಳಿಯನ್ನು ಹದದಲ್ಲಿಟ್ಟು, ಕೆಲಸ ಶುರುವಾದ ಮೊದಲ ಘಳಿಗೆಯ ವೇಗವನ್ನೇ ಹಿಡಿದು ಲೆಕ್ಕವನ್ನು ಶುದ್ಧಗೊಳಿಸಿದವರು ಇವರು. 1925ರಲ್ಲಿ ಬ್ರಿಗ್ಸ್ ಮತ್ತು ಹಾಲ್ಡೇನ್ ಆ ಸೂತ್ರಕ್ಕೆ ಇನ್ನೂ ಭದ್ರವಾದ ಬುನಾದಿ ಹಾಕಿದರು. ಆ ಹಾಲ್ಡೇನರು 1957ರಲ್ಲಿ ನಮ್ಮ ದೇಶಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಸೂತ್ರವನ್ನು ನನ್ನ ಕೌಂಟರಿಗೆ ಇಳಿಸಿ ಹೇಳುತ್ತೇನೆ. ಕಿಣ್ವವೆಂದರೆ ಕೌಂಟರು. ಅದು ಯಾವ ವಸ್ತುವಿನ ಮೇಲೆ ಕೆಲಸ ಮಾಡುತ್ತದೆಯೋ ಅದು ಗಿರಾಕಿ. ಒಬ್ಬ ಗಿರಾಕಿಗೆ ಎರಡು ನಿಮಿಷ ಹಿಡಿಯುತ್ತದೆನ್ನಿ; ಗಂಟೆಗೆ 30 ಜನಕ್ಕಿಂತ ಹೆಚ್ಚಿಗೆ ನಾನು ಏನು ಮಾಡಿದರೂ ಕಳಿಸಲಾರೆ. ಇದು ಗರಿಷ್ಠ ವೇಗ. ಬೆಳಿಗ್ಗೆ ಗಿರಾಕಿಗಳು ವಿರಳವಾಗಿರುವಾಗ ಇಬ್ಬರು ಹೆಚ್ಚು ಬಂದರೆ ಇಬ್ಬರದೂ ಕೆಲಸ ಹೆಚ್ಚಿಗೆ ಆಗುತ್ತದೆ. ಒಂದನೆಯ ತಾರೀಖಿನ ಮಧ್ಯಾಹ್ನ, ಪಿಂಚಣಿಯವರೆಲ್ಲ ಬಂದು ಬಾಗಿಲವರೆಗೂ ನಿಂತಿರುವಾಗ, ಇನ್ನೂ ಐವತ್ತು ಜನ ಬಂದರೂ ನನ್ನ ವೇಗ ಕದಲುವುದಿಲ್ಲ. ಈ ಎರಡು ತುದಿಗಳ ನಡುವೆ ಒಂದು ಗುರುತು ಬೇಕಲ್ಲ? ಗರಿಷ್ಠ ವೇಗದ ಅರ್ಧ ಬರುವುದಕ್ಕೆ ಎಷ್ಟು ಗಿರಾಕಿಗಳಿರಬೇಕೋ ಅದೇ ಮಿಕೇಲಿಸ್ ಅಂಕ. ಒಂದು ಎಚ್ಚರಿಕೆ: ಅಣುಗಳು ಸಾಲಿನಲ್ಲಿ ನಿಲ್ಲುವಷ್ಟು ಶಿಸ್ತಿನವಲ್ಲ; ಕತ್ತಲೆಯಲ್ಲಿ ತಡಕಾಡುವವರಂತೆ ಬಂದು ಕೌಂಟರಿಗೆ ಡಿಕ್ಕಿ ಹೊಡೆಯುತ್ತವೆ. ಎಷ್ಟು ದಟ್ಟವಾಗಿವೆಯೋ ಅಷ್ಟು ಬೇಗ ಡಿಕ್ಕಿ.

ಲೆಕ್ಕ ಸುಲಭ. ಗರಿಷ್ಠ ವೇಗವನ್ನು ಗಿರಾಕಿಗಳ ಸಂಖ್ಯೆಯಿಂದ ಗುಣಿಸಿ, ಗಿರಾಕಿಗಳ ಸಂಖ್ಯೆಗೆ ಮಿಕೇಲಿಸ್ ಅಂಕವನ್ನು ಕೂಡಿಸಿ ಬಂದ ಮೊತ್ತದಿಂದ ಭಾಗಿಸಬೇಕು. ಗರಿಷ್ಠ 30, ಅಂಕ 10 ಎಂದಿಟ್ಟುಕೊಳ್ಳಿ. ಗಿರಾಕಿಗಳು 10 ಇದ್ದರೆ ವೇಗ 15. 20 ಇದ್ದರೆ 20. 90 ಇದ್ದರೆ 27. 290 ಇದ್ದರೆ 29. ಇನ್ನೂರು ಜನ ಹೆಚ್ಚಿದರೂ ವೇಗ ಹೆಚ್ಚಿದ್ದು ಎರಡೇ. ಮೂವತ್ತನ್ನು ಎಂದೂ ಮುಟ್ಟುವುದಿಲ್ಲ.

ಇದು ಬರಿಯ ಕಾಗದದ ಲೆಕ್ಕವಲ್ಲ. ಸಕ್ಕರೆ ಕಾಯಿಲೆಯ ದೆಸೆಯಿಂದ ನಮ್ಮ ಮನೆಮನೆಗಳಲ್ಲಿ ರಕ್ತದ ಸಕ್ಕರೆಯ ಅಂಕಿ ಬಾಯಿಪಾಠವಾಗಿದೆ. ಊಟಕ್ಕೆ ಮುಂಚೆ ಸುಮಾರು 90 ಇರಬೇಕು. ಜೀವಕೋಶದೊಳಕ್ಕೆ ಬಂದ ಸಕ್ಕರೆಯನ್ನು ಹಿಡಿದು ಕಟ್ಟಿಹಾಕುವ ಕೌಂಟರು ಮೆದುಳಿನಲ್ಲಿಯೂ ಇದೆ, ಯಕೃತ್ತಿನಲ್ಲಿಯೂ ಇದೆ. ಮಾಡುವ ಕೆಲಸ ಒಂದೇ. ಆದರೆ ಮೆದುಳಿನ ಹೆಕ್ಸೊಕೈನೇಸಿನ ಮಿಕೇಲಿಸ್ ಅಂಕ ನಮ್ಮ ಪರೀಕ್ಷೆಯ ಮಾನದಲ್ಲಿ ಹೇಳುವುದಾದರೆ ಒಂದೆರಡರಷ್ಟು. ಯಕೃತ್ತಿನ ಗ್ಲುಕೊಕೈನೇಸಿಗೆ ಅರ್ಧ ವೇಗ ಬರಲು 144ರ ಸುಮಾರು ಬೇಕು. ಕೋಶದೊಳಗೂ ರಕ್ತದಷ್ಟೇ ಸಕ್ಕರೆಯಿದೆ ಎಂದುಕೊಂಡು ಲೆಕ್ಕ ಹಾಕಿದರೆ, ಮೆದುಳಿನ ಕೌಂಟರು 90ರಲ್ಲಿಯೇ ನೂರಕ್ಕೆ 98ರಷ್ಟು ತುಂಬಿರುತ್ತದೆ. ಹಬ್ಬದೂಟವುಂಡು ಸಕ್ಕರೆ 180 ಆದರೂ ಅದಕ್ಕೆ ಹೆಚ್ಚಿನದೇನೂ ಬೇಡ. ಯಕೃತ್ತಿನದು ಮಾತ್ರ 90ರಲ್ಲಿ 38, 180ರಲ್ಲಿ 56. ನಿಜದಲ್ಲಿ ಏರುವುದು ಇನ್ನೂ ಕಡಿದಾಗಿ. ಹೋಳಿಗೆಯುಂಡ ದಿನ ಹೆಚ್ಚಾದದ್ದನ್ನು ಎತ್ತಿಡುವುದು ಯಕೃತ್ತು, ಉಪವಾಸದ ದಿನವೂ ತನ್ನ ಪಾಲನ್ನು ಬಿಡದೆ ಪಡೆಯುವುದು ಮೆದುಳು. ಯಾರೂ ಕುಳಿತು ಆಜ್ಞೆ ಮಾಡುವುದಿಲ್ಲ. ಎರಡು ಕಿಣ್ವಗಳ ಎರಡು ಅಂಕಿಗಳಷ್ಟೆ.

ಕೌಂಟರು ಕೆಡುವುದು ಎರಡು ಬಗೆ. ಸುಳ್ಳು ಗಿರಾಕಿಗಳು ಬಂದು ಜಾಗ ಹಿಡಿಯುವುದು ಒಂದು. ಕಳ್ಳಭಟ್ಟಿಯಲ್ಲಿ ಮೆಥನಾಲ್ ಸೇರಿ ಜನ ಕುರುಡಾಗುವುದನ್ನೂ ಸಾಯುವುದನ್ನೂ ಪತ್ರಿಕೆಯಲ್ಲಿ ಓದಿದ್ದೀರಿ. ಮೆಥನಾಲ್ ಅಷ್ಟು ಘಾತುಕವಲ್ಲ. ನಾನು ಹೇಳಿದ ಇ.ಸಿ. 1.1.1.1 ಅದನ್ನು ಘಾತುಕವಾದ ವಸ್ತುಗಳಾಗಿ ಮಾರ್ಪಡಿಸಿದಾಗ ಅನರ್ಥವಾಗುತ್ತದೆ. ಆದ್ದರಿಂದ ವೈದ್ಯರು ಫೊಮೆಪಿಜೋಲ್ ಎಂಬ ಔಷಧವನ್ನೋ, ಅದಿಲ್ಲದಿದ್ದರೆ ಮಾಮೂಲಿ ಮದ್ಯಸಾರವನ್ನೋ ಕೊಟ್ಟು ಆ ಕೌಂಟರನ್ನು ಗಿಜಿಗುಟ್ಟಿಸುತ್ತಾರೆ. ಮೆಥನಾಲಿಗೆ ಪಾಳಿ ಸಿಗದೆ ಅದು ಹಾಗೆಯೇ ಹೊರಗೆ ಹೋಗುತ್ತದೆ. ಇಲ್ಲಿ ಗರಿಷ್ಠ ವೇಗ ಕುಂದಿಲ್ಲ. ನಿಜವಾದ ಗಿರಾಕಿಗಳು ಹೆಚ್ಚು ಬಂದರೆ ಸುಳ್ಳರನ್ನು ನೂಕಿ ಮುಂದೆ ಬರಬಲ್ಲರು. ಇನ್ನೊಂದು ಬಗೆ ಕೌಂಟರಿಗೇ ಬೀಗ ಜಡಿಯುವುದು. ಆಗ ಗಿರಾಕಿಗಳು ಸಾವಿರ ಬಂದರೂ ಪ್ರಯೋಜನವಿಲ್ಲ. ತೆರೆದುಳಿದ ಕೌಂಟರುಗಳಷ್ಟೇ ಗರಿಷ್ಠ.

ಕಾಕಾನಿಗೆ ಆದದ್ದು ಎರಡನೆಯದು. ನರದ ತುದಿಯಿಂದ ಅಸೆಟೈಲ್‌ಕೋಲಿನ್ ಎಂಬ ವಸ್ತು ಹೊರಟು, 'ಬಿಗಿ' ಎಂದು ಸ್ನಾಯುವಿಗೆ, 'ಸುರಿಸು' ಎಂದು ಜೊಲ್ಲಿನ ಗ್ರಂಥಿಗೆ ಅಪ್ಪಣೆ ಕೊಡುತ್ತದೆ. ಅಪ್ಪಣೆ ಮುಟ್ಟಿದ ಕೂಡಲೇ ಆ ವಸ್ತುವನ್ನು ಒಡೆದುಹಾಕಬೇಕು. 3.1.1.7ರ ಕೆಲಸವೇ ಅದು. ಇದರ ಒಂದು ಅಣು ಒಂದು ಸೆಕೆಂಡಿಗೆ ಹತ್ತು ಸಾವಿರಕ್ಕೂ ಹೆಚ್ಚು ಗಿರಾಕಿಗಳನ್ನು ಕಳಿಸುತ್ತದೆ! ಗಂಟೆಗೆ ಮೂವತ್ತು ಜನರ ನನಗೆ ನಾಚಿಕೆಯಾಯಿತು. ಕ್ಲೋರ್‌ಪೈರಿಫಾಸ್ ಈ ಕೌಂಟರಿಗೆ ಬಂದು ಕುಳಿತರೆ ಏಳುವುದಿಲ್ಲ. ಅದರ ಫಾಸ್ಫೇಟಿನ ಭಾಗ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ವಿಚಿತ್ರವೆಂದರೆ, ಡಬ್ಬಿಯಲ್ಲಿರುವ ರೂಪದಲ್ಲಿ ಅದರ ಕಡಿತ ಬಲು ಮೆತ್ತಗೆ. ದೇಹದೊಳಗೆ ಹೋದ ಮೇಲೆ ನಮ್ಮದೇ ಒಂದನೆಯ ವರ್ಗದ ಕಿಣ್ವಗಳು ಅದರ ಗಂಧಕವನ್ನು ತೆಗೆದು ಆಮ್ಲಜನಕವನ್ನಿಟ್ಟು ಅದಕ್ಕೆ ಹಲ್ಲು ಮೂಡಿಸುತ್ತವೆ. ಅದೇ ರಕ್ತದಲ್ಲಿರುವ ಇ.ಸಿ. 3.1.8.1 ಎಂಬ ಇನ್ನೊಂದು ಕಿಣ್ವ ಆ ಹಲ್ಲನ್ನು ಮುರಿಯಲು ಹೆಣಗುತ್ತದೆ. ಒಂದು ಮಂಚದ ಮೇಲೆ ಮಲಗಿದ ಒಬ್ಬ ಮುದುಕನೊಳಗೆ ಮೂರು ಖಾತೆಗಳ ಕದನ.

ಆ ಕಾಗದದ 600ರ ಅರ್ಥ ನನಗೆ ಆದದ್ದು ಇಲ್ಲಿಗೆ ಬಂದಾಗ. ಪರೀಕ್ಷೆ ಮಾಡುವವರು ರಕ್ತದ ಹನಿಗೆ ಗಿರಾಕಿಗಳನ್ನು ಬೇಕೆಂದೇ ಧಾರಾಳವಾಗಿ ಸುರಿಯುತ್ತಾರೆ. ಒಂದನೆಯ ತಾರೀಖಿನ ಮಧ್ಯಾಹ್ನದಂತೆ. ಗಿರಾಕಿಗಳಿಗೆ ಕೊರತೆಯಿಲ್ಲದಿದ್ದಾಗ ವೇಗವೆಂದರೆ ಗರಿಷ್ಠ ವೇಗವೇ, ಮತ್ತು ಗರಿಷ್ಠ ವೇಗವೆಂದರೆ ಎಷ್ಟು ಕೌಂಟರುಗಳು ತೆರೆದಿವೆ ಎಂಬ ಎಣಿಕೆಯೇ. ನಿಮಿಷಕ್ಕೆ ಒಂದು ಮೈಕ್ರೊಮೋಲ್ ವಸ್ತುವನ್ನು ಮಾರ್ಪಡಿಸಿದರೆ ಒಂದು ಯೂನಿಟ್. 1964ರಿಂದ ಇದು ಒಪ್ಪಿತವಾದ ಮಾನ. ರಕ್ತದಲ್ಲಿ ಅಳೆದದ್ದು ನರದ ಕಿಣ್ವವನ್ನಲ್ಲ, ಅದರ ನೆರೆಮನೆಯ 3.1.1.8ನ್ನು, ಅದಕ್ಕೂ ಇದೇ ವಿಷ ಬೀಗ ಜಡಿಯುತ್ತದೆ, ಮತ್ತು ಅದು ಸೂಜಿಗೆ ಸಿಕ್ಕುತ್ತದೆ. 5,000ಕ್ಕೆ ಮೇಲಿರಬೇಕಾದಲ್ಲಿ 600 ಎಂದರೆ ಎಂಟು ಕೌಂಟರಿನಲ್ಲಿ ಒಂದು ಮಾತ್ರ ತೆರೆದಿತ್ತು.

ಆ ವೈದ್ಯೆ ಮಾಡಿದ ಎರಡು ಚಿಕಿತ್ಸೆಗಳೂ ಈಗ ತಿಳಿಯುತ್ತವೆ. ಅಟ್ರೋಪಿನ್ ಕೌಂಟರಿನ ಗೊಡವೆಗೆ ಹೋಗುವುದಿಲ್ಲ. ಅಪ್ಪಣೆ ಕೇಳಿಸಿಕೊಳ್ಳುವ ಕಿವಿಯನ್ನು ಮುಚ್ಚುತ್ತದೆ, ಜೊಲ್ಲು ಕಫಗಳು ನಿಂತು ಉಸಿರು ಸರಾಗವಾಗುತ್ತದೆ. ರಾತ್ರಿಯೆಲ್ಲ ಆಕೆ ಅದನ್ನು ಅಳೆದಳೆದು ಕೊಟ್ಟಿದ್ದಳು. ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧ ಕೌಂಟರಿನ ಬೀಗವನ್ನು ಕೀಳಲು ನೋಡುತ್ತದೆ. ಆದರೆ ಹೊತ್ತು ಮೀರಿದರೆ ಬೀಗಕ್ಕೆ ತುಕ್ಕು ಹಿಡಿಯುತ್ತದೆ: ಕಚ್ಚಿದ ಫಾಸ್ಫೇಟಿನ ಒಂದು ತುಣುಕು ಉದುರಿ, ಕೊಂಡಿ ಶಾಶ್ವತವಾಗುತ್ತದೆ. ಕೆಲವು ಜಾತಿಯ ಕೀಟನಾಶಕಗಳಲ್ಲಿ ಅರ್ಧದಷ್ಟು ಬೀಗಗಳಿಗೆ ತುಕ್ಕು ಹಿಡಿಯಲು ನಾಲ್ಕು ಗಂಟೆಗೂ ಕಡಿಮೆ ಸಾಕು. ಕ್ಲೋರ್‌ಪೈರಿಫಾಸಿನ ಜಾತಿಗೆ ಸುಮಾರು 33 ಗಂಟೆ. ಡಬ್ಬಿಯನ್ನು ನೋಡಿ ಆಕೆ "ಇನ್ನೂ ಹೊತ್ತಿದೆ" ಎಂದದ್ದು ಈ ಲೆಕ್ಕದ ಮೇಲೆ. ನಾಲ್ಕು ಗಂಟೆಯ ಜಾತಿಯಾಗಿದ್ದರೆ, ಡಬ್ಬಿ ಬದುವಿನಲ್ಲಿ ಬಿದ್ದಿದ್ದ ಆ ರಾತ್ರಿಯಲ್ಲಿಯೇ ಹೊತ್ತು ಕಳೆದುಹೋಗಿರುತ್ತಿತ್ತು.

ನಮ್ಮಲ್ಲಿ ಬಹಳ ಜನರ ಅಣ್ಣತಮ್ಮಂದಿರು, ಕಾಕಾ ಮಾವಂದಿರು ಇಂದಿಗೂ ಹೊಲದಲ್ಲಿದ್ದಾರೆ. ಫೋನಿನಲ್ಲಿ ಮಳೆ ಬೆಳೆ ಕೇಳುವಾಗ ಇದನ್ನೂ ಕೇಳಿರಿ: ಎಣ್ಣೆ ಹೊಡೆದ ಅಂಗಿಯನ್ನು ಕೂಡಲೇ ಬಿಚ್ಚುತ್ತಾರೆಯೆ, ಸಾಬೂನು ಹಚ್ಚಿ ಮೈ ತೊಳೆಯುತ್ತಾರೆಯೆ, ಆ ಕೈಯಲ್ಲಿ ಬುತ್ತಿ ಉಣ್ಣುವುದಿಲ್ಲವಷ್ಟೆ? ಜೊಲ್ಲು, ಬೆವರು, ಸಣ್ಣಗಾದ ಪಾಪೆ ಕಂಡರೆ ಮಜ್ಜಿಗೆ ಕೊಡುತ್ತ ಕೂಡಬಾರದು. ಆಸ್ಪತ್ರೆಗೆ ಒಯ್ಯಬೇಕು, ಡಬ್ಬಿಯನ್ನು ಚೀಟಿಸಹಿತ ಚೀಲದಲ್ಲಿ ಸುತ್ತಿ ಜೊತೆಗೇ ಒಯ್ಯಬೇಕು.

ಕಾಕಾ ಹನ್ನೆರಡನೆಯ ದಿನ ಮನೆಗೆ ಬಂದರು. ರಕ್ತದ ದ್ರವಭಾಗದ ಕಿಣ್ವವನ್ನು ಯಕೃತ್ತು ಹೊಸದಾಗಿ ಮಾಡಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಕೆಂಪು ಕಣಗಳ ಮೇಲಿನದು ದಿನಕ್ಕೆ ನೂರಕ್ಕೆ ಒಂದರಂತೆ, ಹೊಸ ಕಣ ಹುಟ್ಟಿದಷ್ಟೇ ಹಿಂತಿರುಗುತ್ತದೆ. ಅಷ್ಟು ದಿನ ಹೊಲಕ್ಕೆ ಔಷಧ ಹೊಡೆಯಕೂಡದೆಂದು ಅವರನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂತು. ಆಗ ಅವರಿಗೂ ಈ ಕೌಂಟರಿನ ಕಥೆಯನ್ನೇ ಹೇಳಿದೆ. ಸುಮ್ಮನೆ ಕೇಳಿದರು, ಏನೂ ಅನ್ನಲಿಲ್ಲ. ದೀಪಾವಳಿಯ ಮುಂದೆ ಮತ್ತೆ ರಕ್ತ ಕೊಟ್ಟು ಬಂದ ದಿನ ಸಂಜೆ ಅವರದೇ ಫೋನು.

"ತಮ್ಮಾ, ಕಾಗದ ಬಂತು ನೋಡು. ನಾಕು ಸಾವಿರದ ಎಂಟುನೂರು ಅಂತ ಐತಿ. ಎಷ್ಟು ಕೌಂಟರ್ ತೆಗದಂಗಾತಪಾ ಅದು?"